ತಂಗಡಗಿಯ ಮಣ್ಣು

ಮುಮ್ತಾಜಳ ಪಟ್ಟಿಯಲ್ಲಿ ನೂರಾ ಹದಿನೆಂಟು ಹೆಂಗಸರಿದ್ದರು. ಮುಂದೆ ಪುಣೆಯ ಪ್ರಯೋಗಶಾಲೆಯಲ್ಲಿ ಅವಳಿಗೊಂದು ಕುರ್ಚಿ, ಬಾಗಿಲಿಗೊಂದು ಹೆಸರಿನ ಹಲಗೆ ಸಿಕ್ಕಾಗ ಆ ನೂರಾ ಹದಿನೆಂಟರಲ್ಲಿ ಹೆಚ್ಚಿನವರ ಮುಖ ಮರೆತುಹೋಗಿತ್ತು. ಎಪ್ಪತ್ಮೂರನೆಯವಳದು ಮಾತ್ರ ಮರೆಯಲಿಲ್ಲ. ಮರೆಯುವುದಾದರೂ ಹೇಗೆ? ಆ ಕುರ್ಚಿಯನ್ನು ಕೊಡಿಸಿದವಳೇ ಅವಳು.

1961ರ ಬೇಸಿಗೆಯ ಕೊನೆಗೆ, ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದ ಮುಮ್ತಾಜ ಕೆಲಸಕ್ಕೆಂದು ಇಂಡಿಗೆ ಬಂದಳು. ತಂಗಡಗಿಯ ಕನ್ನಡ ಸಾಲೆಯಲ್ಲಿ ಮಾಸ್ತರರಾಗಿದ್ದ ಮಶಾಕಸಾಬರ ಒಬ್ಬಳೇ ಮಗಳು ಅವಳು. ಇಂಡಿಯ ಒಂದು ಬಾಡಿಗೆ ಮನೆಯಲ್ಲಿ ಡಾಕ್ಟರ್ ಇಂಗಳೇಶ್ವರ ಎಂಬವರು ಸಣ್ಣದೊಂದು ಸಂಶೋಧನಾ ಕಚೇರಿ ನಡೆಸುತ್ತಿದ್ದರು. ಮಲೇರಿಯಾ ಓಡಿಸಲೆಂದು ಹಳ್ಳಿಹಳ್ಳಿಯ ಗೋಡೆಗಳಿಗೆ ಡಿ.ಡಿ.ಟಿ. ಹೊಡೆಯುತ್ತಿದ್ದ ಕಾಲ. ಜ್ವರ ಎಷ್ಟು ಇಳಿಯಿತು ಎಂದು ನೋಡುವುದು ಕಚೇರಿಯ ಕೆಲಸ. ಜ್ವರವೇನೋ ಇಳಿದಿತ್ತು. ಆದರೆ ಡಾಕ್ಟರರ ತಲೆಯಲ್ಲಿ ಬೇರೊಂದು ಹುಳ ಹೊಕ್ಕಿತ್ತು: ಜ್ವರ ಇಳಿದ ಊರುಗಳಲ್ಲಿ ಬಸಿರು ಯಾಕೆ ನಿಲ್ಲುತ್ತಿಲ್ಲ?

"ಹೆಣ್ಮಕ್ಕಳ ಮಾತು ನನ್ನ ಮುಂದ ಯಾರ ಹೇಳ್ತಾರ? ನೀ ಹೋಗಿ ಕೇಳು," ಎಂದರು. "ಬರೋಬ್ಬರಿ ಬರಕೊಂಡು ಬಾ. ಪುಣೆದಾಗ ನಿನಗೊಂದು ಜಾಗಾ ಕೊಡಸೂದು ನನ್ನ ಜವಾಬ್ದಾರಿ."

ಮುಮ್ತಾಜ ಬರೆಯುವವಳೇ ಹೊರತು ಮಾತಿನವಳಲ್ಲ. ಕಾಲೇಜಿನಲ್ಲಿ ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳಿದವಳಲ್ಲ. ನಾಲ್ಕು ಮಂದಿ ಕೂಡಿದರೆ ನಾಲಗೆ ಅಂಗುಳಿಗೆ ಅಂಟಿಬಿಡುತ್ತಿತ್ತು. ಹಲಸಂಗಿಯಲ್ಲಿ ಮೊದಲ ಮನೆಯ ಕಟ್ಟೆಯ ಬಳಿ ಅರ್ಧ ತಾಸು ಸುಮ್ಮನೆ ನಿಂತಳು. ಕೊನೆಗೆ ಒಳಗಿನ ಮುದುಕಿಯೇ ಹೊರಬಂದು, "ಏನ್ ಬೇಕವಾ? ಬಳಿ ಮಾರಾಕೀಯೇನ?" ಎಂದಳು.

"ಅಲ್ಲರಿ. ನಿಮ್ಮ ಸೊಸಿ ಎಷ್ಟ ಸಲ ಬಸುರಾಗ್ಯಾಳ, ಎಷ್ಟ ಉಳದಾವ, ಎಷ್ಟ ಹೋಗ್ಯಾವ... ಬರಕೋಬೇಕಾಗಿತ್ತರಿ."

ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನ್ನ ಲಗ್ನ ಆಗೇತೇನ?"

"ಇಲ್ಲರಿ."

"ಬರ್ರೇ, ನೋಡಬರ್ರೇ! ಬೆಲ್ಲದ ರುಚಿ ಗೊತ್ತಿಲ್ಲದಾಕಿ ಗಾಣದ ಸುದ್ದಿ ಕೇಳಾಕ ಬಂದಾಳ!"

ಓಣಿಗೆ ಓಣಿಯೇ ನಕ್ಕಿತು. ಅಂದಿನಿಂದ ಅವಳಿಗೆ 'ಹೊಟ್ಟಿ ಕೇಳೋ ಬಾಯಿ' ಎಂಬ ಹೆಸರು ಬಿತ್ತು. ಭೀಮಾ ದಂಡೆಯ ದೇವಣಗಾಂವಕ್ಕೆ ಅವಳಿಗಿಂತ ಮೊದಲು ಆ ಹೆಸರೇ ಹೋಗಿ ಮುಟ್ಟಿತು.

ದೇವಣಗಾಂವದಲ್ಲಿ ಯಲ್ಲವ್ವನೆಂಬ ಮುದುಕಿಯ ಮನೆಯ ಹೊರಗಿನ ಖೋಲಿ ಬಾಡಿಗೆಗೆ ಸಿಕ್ಕಿತು. ಯಲ್ಲವ್ವನದು ಕಟ್ಟುನಿಟ್ಟಿನ ಮಾತು. "ಕೊಡ ಮುಟ್ಟಬ್ಯಾಡ, ಒಲಿ ಕಡೆ ಬರಬ್ಯಾಡ. ಉಳದದ್ದೆಲ್ಲಾ ನಿನ್ನ ಮನಿ ಇದ್ದಂಗ." ಮುಮ್ತಾಜ ಬೊಗಸೆಯೊಡ್ಡಿದರೆ ನೀರನ್ನು ಮೇಲಿನಿಂದ ಸುರಿಯುತ್ತಿದ್ದಳು. ಮನೆಯಲ್ಲಿದ್ದವರು ಮಗ ಯಂಕಪ್ಪ, ಸೊಸೆ ರೇಣವ್ವ. ರೇಣವ್ವ ಮುಮ್ತಾಜಳ ಓರಗೆಯವಳು, ಮಾತಿಗೊಮ್ಮೆ ನಗುವವಳು. ಎರಡು ಸಲ ಹೊಟ್ಟೆ ಹೋಗಿ ಈಗ ಮೂರನೆಯದು ನಿಂತು ಎರಡು ತಿಂಗಳಾಗಿತ್ತು. ಪಟ್ಟಿಯಲ್ಲಿ ಅವಳದು ಎಪ್ಪತ್ಮೂರನೆಯ ಸಾಲು.

ಡಿ.ಡಿ.ಟಿ. ಪುಡಿ ಹೊಡೆಯುವವರು ವರ್ಷಕ್ಕೆರಡು ಸಲ ಬರುತ್ತಿದ್ದರು. ಒಳಗೋಡೆಗಳಿಗೆಲ್ಲ ಬಿಳಿನೀರು ಚಿಮ್ಮಿಸಿ, ಬಾಗಿಲ ಪಕ್ಕ ಕಾವಿಯಲ್ಲಿ ತಾರೀಖು ಬರೆದು, "ಮತ್ತ ನಾವು ಬರೂತನಕ ಗ್ವಾಡಿ ಸಾರಸಬ್ಯಾಡ್ರಿ, ಸಾರಿಸಿದ್ರ ಔಷಧ ಸತ್ತ ಹೋಗ್ತೈತಿ" ಎಂದು ತಾಕೀತು ಮಾಡಿ ಹೋಗುತ್ತಿದ್ದರು. ಹಟದ ಹೆಂಗಸರು ಅವರ ಬೆನ್ನ ಹಿಂದೆಯೇ ಸಗಣಿ ಮಣ್ಣು ಕಲೆಸಿ ಗೋಡೆ ಸಾರಿಸಿಬಿಡುತ್ತಿದ್ದರು. ಯಲ್ಲವ್ವ ಹಾಗಲ್ಲ. ಅವಳ ಗಂಡ ಚಳಿಜ್ವರದಲ್ಲೇ ಸತ್ತಿದ್ದ. ಪುಡಿಯವರ ಮಾತು ಅವಳಿಗೆ ದೇವರ ಮಾತು. ಮೂರು ವರ್ಷದಿಂದ ಆ ಮನೆಯ ಗೋಡೆ ಸಾರಣೆ ಕಂಡಿರಲಿಲ್ಲ.

ಒಂದು ಮಧ್ಯಾಹ್ನ ಕಾಳು ತುಂಬುವ ಕತ್ತಲೆ ಖೋಲಿಯಲ್ಲಿ, ಬಾಗಿಲ ಮರೆಯ ಗೋಡೆಯಲ್ಲಿ ಬಟ್ಟಲಿನಷ್ಟು ಕುಳಿಯೊಂದು ಮುಮ್ತಾಜಳ ಕಣ್ಣಿಗೆ ಬಿತ್ತು. ಬೆರಳಾಡಿ ಆಡಿ ಅದರ ಅಂಚು ನುಣುಪಾಗಿತ್ತು.

"ಇಲಿ ಕೆರದದ್ದೇನ ರೇಣವ್ವಾ?"

ರೇಣವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಆ ಇಲಿ ನಾನ ನೋಡ್ರಿ ಬಾಯಾರ."

"ಮಣ್ಣ ತಿಂತೀಯೇನ?"

"ಬಸುರಾದಾಗ ನಾಲಿಗಿ ಕೇಳತೈತ್ರಿ. ಮೊದಲ ಮಳಿ ವಾಸನಿ ಬಂತಂದ್ರ ತಡಿಯಾಕ ಆಗೂದಿಲ್ಲ. ನಮ್ಮತ್ತೀನೂ ತಿಂದಾಳ. ಆ ಮ್ಯಾಲಿನ ಕುಣಿ ಐತಲ್ಲಾ, ಅದು ನಮ್ಮನಿಯವ್ರು ಹೊಟ್ಟ್ಯಾಗ ಇದ್ದಾಗಿಂದು. ಊರಾಗ ಯಾವ ಮನಿಗೆ ಹೋಗ್ರಿ, ಬಾಗಲಾ ಸರಿಸಿ ನೋಡ್ರಿ, ಹಿಂಗ ಒಂದು ಕುಣಿ ಇರತೈತಿ."

ಮುಮ್ತಾಜ ಕುಳಿಯ ಅಂಚನ್ನು ಉಗುರಿನಿಂದ ಕೆರೆದಳು. ಉಗುರಿನಡಿ ಬಿಳಿ ಪುಡಿ ಕೂತಿತು.

ಮಾರನೆಯ ದಿನದಿಂದ ಅವಳು ಕೇಳಿದ ಮನೆಗಳನ್ನೇ ಮತ್ತೆ ಕೇಳುತ್ತ ಹೋದಳು, ಬಾಗಿಲು ಸರಿಸಿ ಸರಿಸಿ ನೋಡಿದಳು. ಸಗಣಿ ಸಾರಿಸಿದ ಗೋಡೆಯನ್ನು ಯಾವ ಬಸುರಿಯೂ ತಿನ್ನುವುದಿಲ್ಲ, ವಾಕರಿಕೆ ಬರುತ್ತದೆ. ಹೇಳಿದ ಮಾತು ಮೀರಿ ಸಾರಿಸಿದ ಮನೆಗಳ ಅಂಗಳದಲ್ಲಿ ಕೂಸುಗಳು ಅಂಬೆಗಾಲಿಡುತ್ತಿದ್ದವು. ಮಾತು ಕೇಳಿದ ಮನೆಗಳಲ್ಲಿ ತೊಟ್ಟಿಲು ಅಟ್ಟ ಏರಿತ್ತು.

ಇಂಡಿಗೆ ಹೋಗಿ ಪಟ್ಟಿಯನ್ನು ಮುಂದಿಟ್ಟಾಗ ಡಾಕ್ಟರ್ ಇಂಗಳೇಶ್ವರ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಆಮೇಲೆ, "ಇದು ಸಣ್ಣ ಮಾತಲ್ಲ," ಎಂದರು. "ಆದ್ರ ಮ್ಯಾಲಿನ ಸಾಹೇಬರು ಏನ್ ಅಂತಾರ ಗೊತ್ತೇನು? ಮಣ್ಣ ತಿಂದ್ರ ಹೊಟ್ಟಿ ಹೋಗ್ತಾವ, ನಮ್ಮ ಪುಡಿದೇನ್ ತಪ್ಪು ಅಂತಾರ. ಪುಡಿ ಬೀಳದ ಹಳೇ ಗ್ವಾಡಿ ತಿಂದು ಹಡದಾಕಿ ಒಬ್ಬಾಕಿ ಬೇಕು. ಒಬ್ಬಾಕಿ ಸಿಕ್ರೂ ಸಾಕು, ಅವರ ಬಾಯಿ ಮುಚ್ಚತೈತಿ."

"ಉಳದವರಿಗೆ ತಿನ್ನಬ್ಯಾಡ್ರಿ ಅಂತ ಹೇಳ್ಲೇನ್ರಿ ಸರ್?"

"ಹೇಳಿದಿ ಅಂದ್ರ ತಿಂದಾಕೀನೂ ತಿಂದಿಲ್ಲ ಅಂತಾಳ. ಪಟ್ಟಿ ಕೆಟ್ಟಹೋತು. ಒಂದ್ ವರ್ಷ ಸುಮ್ಮನಿರು. ಮುಂದ ಸಾವಿರ ಮಂದಿ ಉಳೀತಾರ."

"ಈ ವರ್ಷದವರು?"

ಡಾಕ್ಟರರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. "ಈ ವರ್ಷದವರು ಪಟ್ಟಿಯೊಳಗಿನವರು."

ಮುಮ್ತಾಜ ತಲೆಯಾಡಿಸಿದಳು. ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ, ಅದಕ್ಕೀಗ ಸಂಬಳವೂ ಬರತೊಡಗಿತು. ಊರಿನ ಪರಸಪ್ಪನ ಹೆಂಡತಿ ಗೋಡೆ ಕೆರೆಯುವುದನ್ನು ಮುಂದೆ ಅವಳು ಮೂರು ಸಲ ಕಣ್ಣಾರೆ ಕಂಡಳು. ಮೂರು ಸಲವೂ ತಾರೀಖು ಬರೆದುಕೊಂಡಳು. ನಾಲ್ಕನೆಯ ಸಲ ಬರೆದದ್ದು ಆ ಹೆಂಗಸಿನ ಹೊಟ್ಟೆ ಹೋದ ತಾರೀಖು.

ಆದರೆ ರೇಣವ್ವನ ವಿಷಯ ಬೇರೆ. ಒಂದೇ ಸೂರಿನ ಕೆಳಗಿನ ಬದುಕು. ಖೋಲಿಯ ಗೋಡೆಗೆ ಕಿವಿಯಿಡದಿದ್ದರೂ ಯಲ್ಲವ್ವನ ಗಂಟಲು ಕೇಳುತ್ತಿತ್ತು: "ಇದೂ ಹೋತಂದ್ರ ನಿನ್ನ ತಂಗಿ ಸೀತವ್ವನ್ನ ತಂದು ಯಂಕಪ್ಪಗ ಕಟ್ಟತೇನಿ. ನೀ ದನದ ಕೊಟಗ್ಯಾಗ ಬೀಳು. ಗೊಡ್ಡೆಮ್ಮಿಗೆ ಯಾರ ಮೇವ ಹಾಕ್ತಾರ?"

ಬೆಳಗ್ಗೆ ರೇಣವ್ವ ನಗಲಿಲ್ಲ. "ಸೀತವ್ವನ್ನ ನಾನ ಎತ್ತಿ ಆಡಿಸೇನ್ರಿ ಬಾಯಾರ. ಅಕಿ ಬಡದ ರೊಟ್ಟಿ ನಾ ಬೇಡಿ ತಿನ್ನೂದಂದ್ರ... ಭೀಮಾನದಿ ಎಷ್ಟ ದೂರ ಐತಿ ಹೇಳ್ರಿ."

ಅಂದು ಮುಮ್ತಾಜ ಡಾಕ್ಟರರ ಮಾತು ಮುರಿದಳು. "ಈ ಮನಿ ಗ್ವಾಡಿ ಮುಟ್ಟಬ್ಯಾಡ ರೇಣವ್ವಾ. ಯಾಕ ಅಂತ ಕೇಳಬ್ಯಾಡ." ಹೊಳೆದಂಡೆಯ ಮಣ್ಣು ತಂದುಕೊಟ್ಟಳು. ರೇಣವ್ವ ಒಂದು ತುತ್ತು ಬಾಯಿಗಿಟ್ಟು ಹಿತ್ತಲಿಗೆ ಓಡಿ ಕಾರಿಕೊಂಡಳು. "ಹಸೀ ಮಣ್ಣ ಆಗೂದಿಲ್ರಿ. ಹಳೇ ಗ್ವಾಡೀದ ಬೇಕು. ಹೊಗಿ ಕುಡದು, ಮಂದಿ ಉಸರ ಕುಡದು ಮಾಗಿರಬೇಕು."

ಹಳೆಯ ಗೋಡೆ ಎಂದೊಡನೆ ಮುಮ್ತಾಜಳಿಗೆ ನೆನಪಾದದ್ದು ತಂಗಡಗಿಯ ತನ್ನ ಮನೆ. ಪುಡಿ ಹೊಡೆದಲ್ಲೆಲ್ಲ ಬೆಕ್ಕು ಸಾಯುತ್ತವೆಂದು ಅವಳ ತಾಯಿ ರಮಜಾನಬಿ, ತನ್ನ ಬೆಕ್ಕಿನ ಸಲುವಾಗಿ, ಪುಡಿಯವರನ್ನು ಕಸಬರಿಗೆ ತೋರಿಸಿ ಓಡಿಸಿದವಳು. ಅಲ್ಲಿಯ ಗೋಡೆಗೆ ಒಂದು ಹನಿಯೂ ಬಿದ್ದಿರಲಿಲ್ಲ. ರೇಣವ್ವನ ಕೂಸೂ ಉಳಿದೀತು, ಡಾಕ್ಟರರು ಕೇಳಿದ ಒಬ್ಬಾಕಿಯೂ ಸಿಕ್ಕಾಳು. ಇದರಲ್ಲಿ ಕನಿಕರ ಎಷ್ಟು, ಪಟ್ಟಿ ಎಷ್ಟು ಎಂದು ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಕಾಗದ ಬರೆಯಲು ಕೂತಾಗ ಕೈ ತಡೆಯಿತು. ಲಗ್ನವಾಗದ ಮಗಳು ತವರಿಗೆ ಗೋಡೆಯ ಮಣ್ಣು ಕಳಿಸೆಂದು ಬರೆದರೆ ಯಾವ ತಾಯಿ ಎದೆ ಬಡಿದುಕೊಳ್ಳದೆ ಇದ್ದಾಳು? ಅದಕ್ಕೆ ಹೀಗೆ ಬರೆದಳು: 'ನಮ್ಮ ಆಫೀಸಿನಲ್ಲಿ ಪರೀಕ್ಷೆಗೆ ಬೇಕಾಗಿದೆ. ನಮ್ಮ ಒಳಗೋಡೆಯ ಮಣ್ಣನ್ನು ಹದಿನೈದು ದಿನಕ್ಕೊಮ್ಮೆ ಒಂದು ಡಬ್ಬಿ ಕಳಿಸುವುದು.'

ಡಬ್ಬಿ ಬಂತು. ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ. ತಂಗಡಗಿಯಿಂದ ಮುದ್ದೇಬಿಹಾಳ, ಅಲ್ಲಿಂದ ಬಸವನ ಬಾಗೇವಾಡಿ, ಅಲ್ಲಿಂದ ಸಿಂದಗಿ, ಒಂದು ಬಸ್ಸಿನವರು ಇನ್ನೊಂದು ಬಸ್ಸಿನವರ ಕೈಗೆ ಕೊಡುತ್ತ, ಕೊನೆಗೆ ಕಂಡಕ್ಟರ್ ದಾವಲಮಲಿಕ ದೇವಣಗಾಂವದ ಅಗಸಿ ಬಾಗಿಲಲ್ಲಿ ಇಳಿಸಿದ. ಮುಚ್ಚಳ ತೆಗೆದರೆ ಲೋಬಾನದ ವಾಸನೆ. ಸುಣ್ಣ ಬಳಿದ ಗೋಡೆಯ ಹೆಂಟೆಗಳು, ಒಂದು ಮೈ ಬಿಳಿ, ಒಂದು ಮೈ ಕಂದು.

"ಸಾಬರ ಮನಿ ಮಣ್ಣು ಆದೀತೇನ ನಿನಗ?" ಎಂದು ಮುಮ್ತಾಜ ಅಪರೂಪಕ್ಕೆ ಚೇಷ್ಟೆ ಮಾಡಿದಳು.

"ಮಣ್ಣಿಗ್ಯಾವ ಜಾತಿರಿ? ನೀರಿಗೈತಿ ಬಿಡ್ರಿ, ಅದು ನಮ್ಮತ್ತಿ ಮಾಡಿದ್ದು." ರೇಣವ್ವ ಒಂದು ಹೆಂಟೆಯನ್ನು ಹಲ್ಲಿನಡಿ ಕಟಕ್ಕೆನ್ನಿಸಿ ಕಣ್ಣು ಮುಚ್ಚಿದಳು. "ಅಬಾಬಾ! ನಿಮ್ಮ ಮನೀ ಗ್ವಾಡಿ ಏನ್ ರುಚಿ ಐತ್ರಿ!"

ಸುದ್ದಿ ತಿಳಿದು ಡಾಕ್ಟರರು ಮೊದಲು ಸಿಟ್ಟಾದರು, ಆಮೇಲೆ ಕೈ ತಿಕ್ಕಿಕೊಂಡರು. ಎಪ್ಪತ್ಮೂರನೆಯ ಸಾಲನ್ನು ಉಳಿದವುಗಳಿಂದ ತೆಗೆದು ಬೇರೆ ಹಾಳೆಯ ಮೇಲೆ ಒಂದನ್ನೇ ಬರೆಸಿದರು. "ಈ ಕೂಸು ಜೀವಂತ ಬಂತಂದ್ರ ತಪ್ಪು ಪುಡಿದು. ಸಾಹೇಬರು ಗ್ವಾಡಿ ಸಾರಸ್ರಿ ಅಂತ ಹುಕುಂ ಕೊಡಲೇಬೇಕು. ಕಣ್ಣಾಗ ಎಣ್ಣಿ ಹಾಕ್ಕೊಂಡು ಕಾಯಿ ಇದನ್ನ."

ಮುಮ್ತಾಜ ಕಾದಳು. ಡಬ್ಬಿ ಬಂದು ಖಾಲಿಯಾಗಿ ಹೋಗಿ ಮತ್ತೆ ತುಂಬಿ ಬರುತ್ತಿತ್ತು. ಏಳನೆಯ ತಿಂಗಳಿಗೆ ಯಲ್ಲವ್ವ ಹಸಿರು ಸೀರೆ ಉಡಿಸಿ ಕುಬಸ ಮಾಡಿದಳು. ಹಿಂದಿನ ಎರಡು ಬಸಿರೂ ಅಷ್ಟು ತಿಂಗಳು ನಿಂತಿರಲಿಲ್ಲ, ಹಾಗಾಗಿ ಮುದುಕಿಯ ಗಂಟಲೂ ಮೆತ್ತಗಾಗಿತ್ತು. ಅಂದು ಸಂಜೆ ರೇಣವ್ವ ಮುಮ್ತಾಜಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ನೂರಾ ಹದಿನೆಂಟು ಹೊಟ್ಟೆಗಳ ವಿವರ ಬರೆದ ಕೈ ಒಂದು ಹೊಟ್ಟೆಯನ್ನು ಮುಟ್ಟಿದ್ದು ಅದೇ ಮೊದಲು. ಒಳಗಿನಿಂದ ಯಾರೋ ಒದ್ದರು.

"ನಿಮಗ ಗುರ್ತ ಹಿಡದೈತ್ರಿ," ಎಂದಳು ರೇಣವ್ವ. "ನಿಮ್ಮ ಮಣ್ಣ ತಿಂದ ಕೂಸಲ್ಲಾ!"

ಎಂಟನೆಯ ತಿಂಗಳಲ್ಲಿ ಆ ಒದೆತ ನಿಂತಿತು. ಎರಡು ದಿನ ರೇಣವ್ವ ಯಾರಿಗೂ ಹೇಳಲಿಲ್ಲ, ಹೇಳದಿದ್ದರೆ ಸುಳ್ಳಾದೀತು ಎಂಬಂತೆ. ಮೂರನೆಯ ದಿನ ಬೇನೆ ಬಂತು. ಹುಟ್ಟಿದ್ದು ಗಂಡು, ನೀಲಿಗಟ್ಟಿತ್ತು. ಸೂಲಗಿತ್ತಿ ಅದನ್ನು ತಲೆಕೆಳಗೆ ಹಿಡಿದು ಬೆನ್ನಿಗೆ ಬಡಿದು ಬಡಿದು ಸೋತು ಮರದ ಮೇಲೆ ಇಟ್ಟಳು, ಜೋಳ ಕೇರುವ ಮರದ ಮೇಲೆ. ಯಂಕಪ್ಪ ಅದನ್ನು ಹಳೆಯ ಧೋತರದಲ್ಲಿ ಸುತ್ತಿ ಸಲಿಕೆ ಹಿಡಿದು ಹೊರನಡೆದ. ಯಲ್ಲವ್ವ ಅಳಲಿಲ್ಲ. ಪೆಟ್ಟಿಗೆ ತೆಗೆದು, ಬೀಗರೂರಿಗೆ ಹೋಗಲು ಸೀರೆ ಹುಡುಕಿದಳು.

ಮುಮ್ತಾಜ ಖೋಲಿಗೆ ಬಂದು ಬೇರೆಯ ಆ ಹಾಳೆಯನ್ನು ತೆಗೆದಳು. 'ಸತ್ತು ಹುಟ್ಟಿತು. ಗಂಡು. ಪುಡಿಯಿಲ್ಲದ ಮಣ್ಣು.' ಅಕ್ಷರ ಎಂದಿನಂತೆ ದುಂಡಗೆ ಬಂದವು.

ಹದಿನೈದು ದಿನ ಕಳೆದ ಮೇಲೆ ರಜೆ ಸಿಕ್ಕಿತು. ತಂಗಡಗಿಯ ಮನೆಯ ಮುಂದೆ ಬಂದವಳು ಹೊಸ್ತಿಲು ದಾಟದೆ ನಿಂತುಬಿಟ್ಟಳು. ಬಾಗಿಲ ಪಕ್ಕ ಕಾವಿಯಲ್ಲಿ ಎರಡು ತಾರೀಖು ಬರೆದಿತ್ತು. ಒಳಗೆ ನಡುಮನೆಯ ಗೋಡೆಯ ತುಂಬ ಬಿಳಿ ಪಟ್ಟೆಗಳು ಹರಿದಿದ್ದವು. ಅವುಗಳ ನಟ್ಟನಡುವೆ ಹಿಟ್ಟು ನಾದುವ ಪರಾತದಷ್ಟು ಅಗಲದ ಕುಳಿ.

"ಅಮ್ಮಾ, ಇದು ಯಾವಾಗ ಹೊಡದ್ರು?"

ರಮಜಾನಬಿಯ ಮುಖ ಅರಳಿತು. "ನೀ ನೌಕರಿಗೆ ಹೋದ ಕೂಡ್ಲೆ ಬಂದ್ರು ಬೇಟಿ. ನಾ ಕಸಬರಿಗಿ ತಗೊಂಡೆ ನೋಡು. ಅವಾಗ ಪುಡಿಯವ ಅಂದ, ರಮಜಾನಬಿ, ನಿಮ್ಮ ಮಗಳು ಇದ ಔಷಧದ ಆಫೀಸನ್ಯಾಗ ಅದಾಳಂತ, ನೀವ ಬ್ಯಾಡ ಅಂದ್ರ ಅಕಿ ಮರ್ಯಾದಿ ಏನ ಉಳೀತು, ಅಂತ. ಹೌದಲ್ಲಾ ಅನಸ್ತು. ಚಾ ಮಾಡಿ ಕೊಟ್ಟು ಎರಡ ಸಲ ಹೊಡಸೇನಿ. ಬೆಕ್ಕು ಸತ್ತಿತು. ಸಾಯ್ಲಿ ತಗೋ, ನಿನ್ನಕಿಂತ ಹೆಚ್ಚಿಂದೇನ?"

"ಡಬ್ಬಿಗೆ... ಎಲ್ಲಿಂದ ಕೆರೀತಿದ್ದಿ?"

"ಪರೀಕ್ಷೆಗೆ ಅಂತ ನಿಮ್ಮ ಅಬ್ಬಾ ಓದಿ ಹೇಳಿದ್ರಲ್ಲಾ. ಬಾಯಾರ ಮನ್ಯಾಗ ಔಷಧ ತೆಳ್ಳಗ ಬಿದ್ದೈತಿ ಅಂತ ನಿನಗ ಯಾರೂ ಅನಬಾರದು. ಎಲ್ಲಿ ಬೆಳ್ಳಗ ದಪ್ಪ ಕೂತಿತ್ತೋ ಅಲ್ಲಿಂದನ ಹುಡುಕಿ ಹುಡುಕಿ ಕೆರದೇನಿ." ಕುಳಿಯ ಕಡೆ ಕೈ ಮಾಡಿದಳು. "ಪಾಸಾತಿಲ್ಲೋ?"

"ಆತು," ಎಂದಳು ಮುಮ್ತಾಜ. ಮತ್ತೆ ಸ್ವಲ್ಪ ಹೊತ್ತಿಗೆ, "ಇನ್ನ ಕಳಸೂದು ಬ್ಯಾಡ," ಎಂದಳು.

ತಿರುಗಿ ಬರುವಾಗ ಬಾಗೇವಾಡಿಯಲ್ಲಿ ಬಸ್ಸಿಗೆ ಎರಡು ತಾಸು ಕಾಯಬೇಕಾಯಿತು. ಬೇವಿನ ಮರದ ಬುಡದಲ್ಲಿ ಟ್ರಂಕಿನ ಮೇಲೆ ಕೂತು ಅವಳು ಒಂದು ವಾಕ್ಯ ಕಟ್ಟಿದಳು: ಸರ್, ಎಪ್ಪತ್ಮೂರನೆಯದರಲ್ಲಿ ತಪ್ಪಾಗೇತಿ, ಆ ಮಣ್ಣಿನೊಳಗೂ ಪುಡಿ ಇತ್ತು. ಅಷ್ಟೇ ಸಾಕಿತ್ತು. ಅಷ್ಟು ಹೇಳಿದರೆ ಆ ಸಾಲು ತನ್ನ ಸರಿಯಾದ ಜಾಗಕ್ಕೆ ಹೋಗುತ್ತಿತ್ತು, ಹುಕುಂ ಹೊರಡುತ್ತಿತ್ತು, ಊರೂರಿನ ಗೋಡೆಗಳು ಸಾರಣೆ ಕಾಣುತ್ತಿದ್ದವು. ಆದರೆ ಆ ವಾಕ್ಯದ ಬೆನ್ನಿಗೇ ಇನ್ನೊಂದು ಬರುತ್ತಿತ್ತು: ತಂದು ತಿನಿಸಿದವರು ಯಾರು?

ಇಂಡಿಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಡಾಕ್ಟರರು, "ಜಿಲ್ಲಾ ಸಾಹೇಬರು ದೇವಣಗಾಂವಕ್ಕ ಬರಾಕತ್ತಾರ. ಎಪ್ಪತ್ಮೂರು ಕೈ ಕೊಟ್ಟತು, ಇರಲಿ. ಉಳದದ್ದರ ಮ್ಯಾಲೆ ವಾದ ಮಾಡೂಣು," ಎಂದರು. ವಾಕ್ಯ ನಾಲಗೆಯ ಮೇಲೆಯೇ ಉಳಿಯಿತು.

ಊರ ಚಾವಡಿಯಲ್ಲಿ ಮಂದಿ ಕೂಡಿದರು. ಗಂಡಸರು ಮುಂದೆ, ಸೆರಗು ಹೊದ್ದ ಹೆಂಗಸರು ಕಂಬಗಳ ಮರೆಗೆ. ಡಾಕ್ಟರ್ ಇಂಗಳೇಶ್ವರ ಗೋಡೆಯ ಮಣ್ಣು, ಬಿಳಿ ಪುಡಿ, ಹೋದ ಬಸಿರುಗಳ ಕತೆಯನ್ನೆಲ್ಲ ಬಿಡಿಸಿ ಹೇಳಿದರು. ಕಂಬಗಳ ಮರೆಯಲ್ಲಿ ಗುಜುಗುಜು ಎದ್ದಿತು. ಸಾಹೇಬರು ಮಂದಿಯ ಮುಖ ನೋಡುತ್ತ ಯೋಚನೆಗೆ ಬಿದ್ದರು. ಆಗ ಯಾರೂ ಕರೆಯದೆ ರೇಣವ್ವ ಎದ್ದು ನಿಂತಳು. ಬಾಯಾರಿಗೆ ತನ್ನಿಂದ ಸಹಾಯವಾದೀತು ಎಂದು ಅವಳ ಎಣಿಕೆ.

"ನಾ ಹೇಳ್ತೇನ್ರಿ ಸಾಹೇಬ್ರ. ಬಾಯಾರು ನಮ್ಮ ಗ್ವಾಡಿ ಮುಟ್ಟಬ್ಯಾಡ ಅಂದ್ರು, ನಾ ಮುಟ್ಟಲಿಲ್ರಿ. ತಮ್ಮ ಮನಿಯಿಂದ ಪುಡಿ ಇಲ್ಲದ ಮಣ್ಣ ತರಿಸಿ ಕೊಟ್ರು. ತಂಗೀಗೆ ನೋಡಿದಂಗ ನೋಡ್ಯಾರ್ರಿ. ಅವರ ಮ್ಯಾಲೆ ತಪ್ಪ ಹೊರಸಬ್ಯಾಡ್ರಿ."

"ಮತ್ತ ನಿನ್ನ ಕೂಸು?"

"ಸತ್ತ ಹುಟ್ಟೇತ್ರಿ."

ಸಾಹೇಬರು ಡಾಕ್ಟರರ ಕಡೆ ತಿರುಗಿ ಮೀಸೆಯಲ್ಲೇ ನಕ್ಕರು. ಹಿಂದಿನಿಂದ ಯಲ್ಲವ್ವ ಕೂಗಿದಳು: "ಮಣ್ಣಿಂದೇನ್ ತಪ್ಪ ಐತ್ರಿ? ಹೊಲಾನ ಬರಡು!" ಚಾವಡಿ ನಕ್ಕಿತು. ರೇಣವ್ವ ನಿಂತೇ ಇದ್ದಳು.

"ಬಾಯಾರ," ಸಾಹೇಬರು ಮುಮ್ತಾಜಳನ್ನೇ ಕೇಳಿದರು, "ಖರೇ ಹೇಳ್ರಿ. ಆ ಮಣ್ಣಿಗೆ ಪುಡಿ ಬಿದ್ದಿರಲಿಲ್ಲ ಹೌದಲ್ಲೋ?"

ಚಾವಡಿಯ ಕಣ್ಣುಗಳೆಲ್ಲ ಅವಳ ಮೇಲೆ ಬಂದು ಕೂತವು. ಬಾಗೇವಾಡಿಯಲ್ಲಿ ಕಟ್ಟಿದ ವಾಕ್ಯ ಹಲ್ಲಿನ ಹಿಂದೆಯೇ ಇತ್ತು. ಮುಮ್ತಾಜ ನೆಲ ನೋಡಿದಳು.

"ಬಿದ್ದಿರಲಿಲ್ಲರಿ."

ಅಲ್ಲಿಗೆ ಮುಗಿಯಿತು. ಪುಡಿಯದು ತಪ್ಪಿಲ್ಲ, ಗೋಡೆ ಸಾರಿಸಬಾರದೆಂಬ ತಾಕೀತು ಹಾಗೆಯೇ ಇರಲಿ, ಹೆಂಗಸರು ಮಣ್ಣು ತಿನ್ನುವ ಚಟ ಬಿಡಲಿ ಎಂದು ಹೇಳಿ ಸಾಹೇಬರು ಚಾ ಕುಡಿದು ಹೋದರು. ಸಾಹೇಬರ ಮಾತಿಗೆ ನಾಲಗೆಯ ಬಯಕೆ ನಿಂತೀತೇ? ಆ ಸಂಜೆ ಮಳೆ ಬಿತ್ತು, ಊರಿನ ಬಾಗಿಲುಗಳ ಮರೆಯಲ್ಲಿ ಬೆರಳುಗಳು ತಮ್ಮ ಕೆಲಸ ತಾವು ಮಾಡಿದವು.

ಸಿಂದಗಿಯ ದಾರಿಯಲ್ಲಿ ಜೀಪಿನೊಳಗೆ ಡಾಕ್ಟರರು ಅವಳ ಹೆಗಲು ತಟ್ಟಿದರು. "ನಾ ಸೋತೆ, ಆಗ್ಲಿ. ನಿನ್ನ ಕೈಯಾರೆ ಬೆಳಸಿದ ಸಾಲು ನಿನ್ನ ವಿರುದ್ಧನ ನಿಂತಿತು. ಬ್ಯಾರೆಯವರಿದ್ರ ಹಾಳಿ ಹರದು ಒಗೀತಿದ್ರು. ನೀ ತುಂಬಿದ ಸಭಾದಾಗ ಖರೇ ಹೇಳಿದಿ. ವಿಜ್ಞಾನಿ ಅಂದ್ರ ಹಿಂಗಿರಬೇಕು." ಪುಣೆಗೆ ಹೋದ ಶಿಫಾರಸಿನ ಕಾಗದದಲ್ಲೂ ಅದನ್ನೇ ಬರೆದರು.

ನೇಮಕದ ಪತ್ರ ಬರುವಷ್ಟರಲ್ಲಿ ಎಂಟು ತಿಂಗಳು ಕಳೆದಿದ್ದವು. ಯಲ್ಲವ್ವ ಹೇಳಿದಂತೆ ಮಾಡಿದ್ದಳು. ಹದಿನೆಂಟರ ಸೀತವ್ವ ಈಗ ಒಳಗಿನ ಸೊಸೆ, ರೇಣವ್ವ ಕೊಟ್ಟಿಗೆಯಲ್ಲಿ ಎಮ್ಮೆಗಳ ಜೊತೆ. ಊರು ಬಿಡುವ ದಿನ ಬೆಳಗ್ಗೆ ಮುಮ್ತಾಜ ಟ್ರಂಕು ಕಟ್ಟೆಗಿಟ್ಟು ಕೊಟ್ಟಿಗೆಯ ಬಾಗಿಲಿಗೆ ಹೋದಳು. ರೇಣವ್ವ ಸಗಣಿ ಕೈಯನ್ನು ಹುಲ್ಲಿಗೆ ಒರೆಸಿಕೊಂಡು, ನಗುತ್ತ, ಮೇವು ಹಾಕುವ ಗ್ವಾದಲಿಯ ಸಂದಿಯಿಂದ ಏನೋ ತೆಗೆದಳು. ಬಿಸ್ಕೀಟಿನ ಡಬ್ಬಿ, ತುಂಬಿತ್ತು.

"ಇದೆಲ್ಲಿಂದ ಬಂತು?"

"ನಿನ್ನೆ ಬಂತ್ರಿ. ಸೀತವ್ವಗ ಮೂರ ತಿಂಗಳು. ಅಕಿಗೂ ನಾಲಿಗಿ ಕೇಳಾಕತ್ತೈತಿ. ಈ ಮನಿ ಗ್ವಾಡಿ ಮುಟ್ಟಬ್ಯಾಡವಾ, ಬಾಯಾರು ಹೇಳ್ಯಾರ ಅಂತ ನಾನ ಹೇಳೇನಿ. ನನ್ನ ಹೊಲಾ ಬರಡಾದ್ರ ನಿಮ್ಮ ಮಣ್ಣಿಂದೇನ್ ತಪ್ಪ? ಖಾಲಿ ಡಬ್ಬಿ ನನ್ನ ಹತ್ರ ಉಳದಿತ್ತಲ್ಲಾ, ಬಾಯಾರಿಗೆ ಮತ್ತ ಬೇಕಾಗೇತಿ ಅಂತ ದಾವಲಮಲಿಕನ ಕೈಯಾಗ ಹೇಳಿ ಕಳಿಸಿದ್ದೆ. ನಿಮ್ಮ ಅವ್ವಾರು ಎಂಥ ಮಂದಿರಿ, ಒಂದ ಮಾತ ಕೇಳದ ತುಂಬಿ ಕಳಿಸ್ಯಾರ!"

"ಸವತಿಗಂತ ಇಷ್ಟೆಲ್ಲಾ..."

"ಸವತಿ ಆದ್ರೇನ್ರಿ, ತಂಗಿ ಹೌದಲ್ಲಾ? ಅಕಿ ಹಡದ್ರ ನನಗ ಎತಗೊಳ್ಳಾಕರೆ ಒಂದು ಕೂಸ ಸಿಗತೈತಿ."

ಮುಮ್ತಾಜ ಸುತ್ತ ನೋಡಿದಳು. ಎಮ್ಮೆಗಳ ಹೊರತು ಯಾರೂ ಇರಲಿಲ್ಲ. "ರೇಣವ್ವಾ, ಅದನ್ನ ಅಕಿಗೆ ಕೊಡಬ್ಯಾಡ. ಅದರಾಗ ಪುಡಿ ಐತಿ."

"ಈ ಡಬ್ಬ್ಯಾಗ?"

"ಎಲ್ಲಾ ಡಬ್ಬ್ಯಾಗೂ. ಮೊದಲಿಂದನೂ ಇತ್ತು."

ರೇಣವ್ವನ ನಗೆ ಒಮ್ಮೆಲೇ ಹೋಗಲಿಲ್ಲ, ತುಟಿಯ ಮೇಲೆ ಸ್ವಲ್ಪ ಹೊತ್ತು ಒಣಗಿಕೊಂಡು ನಿಂತಿತು. "ನಾ ತಿಂದದ್ದರಾಗ?"

"ಹೂಂ."

"ನಿಮಗ ಯಾವಾಗ ಗೊತ್ತಾತು?"

"ಚಾವಡಿ ಕೂಡೂ ಮೊದಲು."

"ಅಲ್ಲೆ ನನಗ ಬರಡ ಹೊಲಾ ಅಂದ್ರು," ಎಂದಳು ರೇಣವ್ವ ಮೆಲ್ಲಗೆ. "ಊರ ನಕ್ಕಿತು. ನೀವು ಅಲ್ಲೇ ಕುಂತಿದ್ರಿ."

ಅವಳು ಅಳಲೂ ಇಲ್ಲ, ಬಯ್ಯಲೂ ಇಲ್ಲ. ಡಬ್ಬಿಯ ಮೇಲಿನ ದೂಳನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಅಂಗಳದ ನಡುವೆ ಹೋಗಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು: "ಸೀತವ್ವಾ! ಬಾ ಇಲ್ಲೆ. ಬಾಯಾರು ಹೊಂಟಾರ!"

ಸೀತವ್ವ ಬಂದಳು, ಹಿಂದೆ ಯಲ್ಲವ್ವ, ಹಲ್ಲುಜ್ಜುತ್ತ ಯಂಕಪ್ಪ. ಪಕ್ಕದ ಮನೆಯ ಹೆಂಗಸರು ಗೋಡೆಯ ಮೇಲಿನಿಂದ ಇಣುಕಿದರು. ರೇಣವ್ವ ಮುಚ್ಚಳ ತೆಗೆದು ಡಬ್ಬಿಯನ್ನು ತಂಗಿಯ ಕೈಗಿಟ್ಟಳು. ಲೋಬಾನದ ವಾಸನೆ ಅಂಗಳಕ್ಕೆ ಹರಡಿತು.

"ತಿನ್ನೂಕಿಂತ ಮೊದಲ ಬಾಯಾರನ್ನ ಕೇಳು. ಮಂದಿ ಮುಂದ ಕೇಳು. ತಿನ್ನಲ್ಯೋ ಬ್ಯಾಡೋ ಅಂತ."

ಸೀತವ್ವ ಒಂದು ಹೆಂಟೆ ತೆಗೆದುಕೊಂಡಳು. ಹೊಸ ಸೊಸೆಯ ನಾಚಿಕೆ ಅವಳಿಗಿನ್ನೂ ಹೋಗಿರಲಿಲ್ಲ, ತಲೆ ತಗ್ಗಿಸಿಯೇ ಕೇಳಿದಳು: "ತಿನ್ನಲೇನ್ರಿ ಬಾಯಾರ?"

ರೇಣವ್ವನ ಕಣ್ಣು ಮುಮ್ತಾಜಳ ಬಾಯಿಯನ್ನು ಬಿಟ್ಟು ಕದಲಲಿಲ್ಲ. ಅಗಸಿಯ ಕಡೆಯಿಂದ ಹಾರನ್ ಕೇಳಿಸಿತು. ಹತ್ತು ಮಂದಿ ಕಾಯುತ್ತಿದ್ದರು. ಬೇಡ ಎನ್ನುವ ಒಂದು ಮಾತು, ಅದೂ ಅಂಗುಳಿಗೆ ಅಂಟಿಕೊಂಡಿತ್ತು.

"ಬಸ್ಸ ಬಂತು," ಎಂದಳು ಮುಮ್ತಾಜ.

ಟ್ರಂಕು ಎತ್ತಿಕೊಂಡಳು. ಅಂಗಳ ದಾಟುವಾಗ ಬೆನ್ನ ಹಿಂದೆ ಸೀತವ್ವನ ಹಲ್ಲಿನಡಿ ಹೆಂಟೆ ಕಟಕ್ಕೆಂದಿತು. ಅದನ್ನು ಕಸಿದುಕೊಳ್ಳಲು ರೇಣವ್ವ ಕೈ ಚಾಚಲಿಲ್ಲ.

ಬಸ್ಸಿನಲ್ಲಿ ದಾವಲಮಲಿಕ ಟ್ರಂಕನ್ನು ಮೇಲಕ್ಕೇರಿಸಿ, ಕಿಟಕಿಯ ಪಕ್ಕದ ಸೀಟು ಒರೆಸಿ ಕೊಟ್ಟ. "ನಿಮ್ಮ ಅವ್ವಾರು ಕೊಟ್ಟ ಡಬ್ಬಿ ಬರೋಬ್ಬರಿ ಮುಟ್ಟಿತೇನ್ರಿ ಬಾಯಾರ?"

"ಮುಟ್ಟಿತು," ಎಂದಳು ಮುಮ್ತಾಜ.

"ಖಾಲಿ ಆದ ಕೂಡ್ಲೆ ತಿರುಗಿ ಕೊಡ್ರಿ ಅಂತ ಹೇಳ್ಯಾರ. ಮತ್ತ ತುಂಬಿ ಕಳಸ್ತಾರಂತ."